ಬೋಟು ಇಳಿಯುವ ಮೊದಲು ಬೀಕನ್ ಚೀಟಿ ಬರೆದಿಡಿ

ಮಾನ್ಯ ಸಂಪಾದಕರೇ,

ಆಗಸ್ಟ್ 1ಕ್ಕೆ ಮೀನುಗಾರಿಕೆ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಎರಡು ತಿಂಗಳ ರಜೆಯಲ್ಲಿ ಬಲೆ, ಎಂಜಿನು, ಬಣ್ಣ ಎಲ್ಲ ಸರಿಯಾಗುತ್ತದೆ. ಇಪಿರ್ಬ್ ಬೀಕನ್ (ಬೋಟು ಅಪಾಯಕ್ಕೆ ಸಿಲುಕಿದಾಗ ಉಪಗ್ರಹದ ಮೂಲಕ ಸಂಕೇತ ಕಳಿಸುವ ಸಾಧನ) ಇರುವ ಬೋಟುಗಳಲ್ಲಿ ಅದರ ಕಾಗದಪತ್ರವನ್ನು ಮಾತ್ರ ಯಾರೂ ತೆರೆದು ನೋಡುವುದಿಲ್ಲ. (ಇಸ್ರೋದ ಡಿಎಟಿ ಎಂಬ ಅಪಾಯ ಸಂಕೇತ ಯಂತ್ರ ಬೇರೆ ವ್ಯವಸ್ಥೆ. ಇಲ್ಲಿ ಹೇಳುತ್ತಿರುವುದು 406 ಮೆಗಾಹರ್ಟ್ಸ್ ಬೀಕನ್ ಬಗ್ಗೆ.)

ಈ ಬೀಕನ್ ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಹೊತ್ತು ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ಅದು ಬೆಂಗಳೂರಿನಲ್ಲಿ ಇಸ್ರೋದ ಘಟಕವಾದ ಇಸ್ಟ್ರಾಕ್‌ನಲ್ಲಿರುವ ಕೇಂದ್ರಕ್ಕೆ ಬಂದು, ಅಲ್ಲಿಂದ ಕೋಸ್ಟ್‌ಗಾರ್ಡ್‌ಗೆ, ಕೊನೆಗೆ ಹುಡುಕಲು ಹೊರಡುವ ಹೆಲಿಕಾಪ್ಟರಿನ ಪೈಲಟ್ ಕೈಗೆ ಸೇರಬೇಕು. ಸಂಕೇತದಲ್ಲಿ ಇರುವುದು 15 ಅಕ್ಷರ–ಅಂಕಿಗಳ ಹೆಕ್ಸ್ ಐಡಿ, ಅಂದರೆ ಆ ಬೀಕನ್ನಿನ ಗುರುತು ಸಂಖ್ಯೆ. ಜಿಪಿಎಸ್ ಇರುವ ಬೀಕನ್ ಆದರೆ ಸ್ಥಾನವೂ ಉಂಟು. ಬೋಟಿನ ಉದ್ದ, ಬಣ್ಣ, ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಬೀಕನ್ನಿನ ನೋಂದಣಿಯಲ್ಲಿ ಬರೆದಿದ್ದರಷ್ಟೇ ಸಿಗುತ್ತದೆ. ಬೋಟು ಮಾರಿದ ಮೇಲೂ ಹಳೆ ಮಾಲೀಕರ ನಂಬರೇ ಉಳಿದಿದ್ದರೆ, ನಡುರಾತ್ರಿ ಫೋನ್ ಎತ್ತಿದವರು "ಅದು ಮಾರಿ ಆಯಿತಲ್ಲ" ಎಂದು ಇಟ್ಟುಬಿಡುತ್ತಾರೆ.

ದಡದಲ್ಲಿ ಸ್ಥಾನ ಬರೆದುಕೊಳ್ಳುವವರು ಹೆಚ್ಚು ಎಡವುವುದು ಅಂಕಿಗಳಲ್ಲಿ. ತಾಂಡೇಲರು (ಬೋಟು ನಡೆಸುವವರು) ವೈರ್‌ಲೆಸ್‌ನಲ್ಲಿ "13 ಡಿಗ್ರಿ 21.50 ಮಿನಿಟು" ಎಂದದ್ದನ್ನು 21 ಮಿನಿಟು 50 ಸೆಕೆಂಡು ಎಂದು ಬರೆದರೆ 600 ಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಯಿತು. ಅದನ್ನೇ 13.2150 ಡಿಗ್ರಿ ಎಂದು ತುಂಬಿದರೆ ಹೆಲಿಕಾಪ್ಟರು ಸುಮಾರು 16 ಕಿ.ಮೀ. ದಕ್ಷಿಣದಲ್ಲಿ ಸುತ್ತುತ್ತಿರುತ್ತದೆ. ಹಾಗಾಗಿ ಬಾಯಲ್ಲಿ ಹೇಳುವಾಗ "ಪಾಯಿಂಟ್" ನುಂಗಬಾರದು. ಬರೆದವರು ತಿರುಗಿ ಓದಿ ಹೇಳಲೇಬೇಕು. ಸ್ಥಾನದ ಪಕ್ಕದಲ್ಲೇ ಅದು ಎಷ್ಟು ಗಂಟೆಯದ್ದು, ನಮ್ಮ ಗಡಿಯಾರವೋ ಯುಟಿಸಿಯೋ (ಅಂತಾರಾಷ್ಟ್ರೀಯ ಸಮಯ) ಎಂದೂ ಬರೆಯಬೇಕು. ಐದೂವರೆ ತಾಸಿನ ವ್ಯತ್ಯಾಸದಲ್ಲಿ, ಗಂಟೆಗೆ ಒಂದೇ ನಾಟಿಕಲ್ ಮೈಲು ತೇಲಿದರೂ ಲೆಕ್ಕ ಹತ್ತು ಕಿ.ಮೀ. ತಪ್ಪುತ್ತದೆ.

ಹತ್ತಿರ ಬಂದ ಮೇಲೆ ಪೈಲಟ್ ಹಿಡಿದು ಬರುವುದು ಬೀಕನ್ ಹೊರಡಿಸುವ ಇನ್ನೊಂದು, 121.5 ಮೆಗಾಹರ್ಟ್ಸ್‌ನ ಸಂಕೇತವನ್ನು. ಅದು ಬಹಳ ಕ್ಷೀಣ; ಬೀಕನ್ನನ್ನು ಕ್ಯಾಬಿನ್ ಒಳಗಿಟ್ಟರೆ, ಆಂಟೆನಾ ಮಲಗಿಸಿದರೆ ಸಿಗುವುದೇ ಕಷ್ಟ. ಹಳೆಯ, ಬರೀ 121.5ರ ಬೀಕನ್ ಇದ್ದರೆ ಅದರ ಆಸೆ ಬಿಡಿ: 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಅದನ್ನು ಆಲಿಸುತ್ತಿಲ್ಲ.

ಆದ್ದರಿಂದ ಚೀಟಿಯಲ್ಲಿ ಹೆಕ್ಸ್ ಐಡಿ, 121.5 ಇದೆಯೇ, ಬೇರೆ ಬೀಕನ್ ಎಷ್ಟು, ಬೋಟಿನ ಮೇಲ್ಭಾಗದ ಬಣ್ಣ, ಮಾಸ್ಟ್ ಎತ್ತರ, ತಂತಿ ಎಲ್ಲೆಲ್ಲಿ ಎಳೆದಿದೆ, ಇಷ್ಟಿರಲಿ. ಜನರ ಸಂಖ್ಯೆಯನ್ನು ಮಾತ್ರ ಪ್ರತಿ ಟ್ರಿಪ್ಪಿಗೂ ಹೊಸದಾಗಿ ಬರೆಯಬೇಕು. ಏಳು ಮಂದಿ ಸಿಕ್ಕ ಮೇಲೆ ಎಂಟನೆಯವರನ್ನು ಹುಡುಕಬೇಕೋ ಬೇಡವೋ ಎಂದು ಪೈಲಟ್‌ಗೆ ಬೇರೆ ಹೇಗೆ ಗೊತ್ತಾಗಬೇಕು? ಒಂದು ಪ್ರತಿ ಬೋಟಿನಲ್ಲಿ, ಇನ್ನೊಂದು ರಾತ್ರಿಯೂ ಫೋನ್ ಎತ್ತುವವರ ಮನೆಯಲ್ಲಿ ಇರಲಿ.

ಡೆಕ್ ತೊಳೆಯುವಾಗ ಬೀಕನ್ನನ್ನು ಬ್ರಾಕೆಟ್‌ನಿಂದ ತೆಗೆದು ಪೈಪಿನ ನೀರು ಹಿಡಿಯಬೇಡಿ. ನೀರು ತಾಗಿದರೆ ತಾನೇ ಚಾಲೂ ಆಗುತ್ತದೆ. ಹಾಗೇನಾದರೂ ಆದರೆ ಆಫ್ ಮಾಡಿ ಸುಮ್ಮನೆ ಕೂರದೆ ಕೋಸ್ಟ್‌ಗಾರ್ಡ್‌ನ 1554ಕ್ಕೆ ತಕ್ಷಣ ತಿಳಿಸಿ.

– ಒಬ್ಬ ಓದುಗ, ಮಲ್ಪೆ