ಸ್ನಾತಕೋತ್ತರ ಪದವಿಗೆ ಹೊರಟವರು ವಿಭಾಗದ ಬಾಗಿಲವರೆಗೆ ಹೋಗಿ ಬರಲಿ

ಮಾನ್ಯ ಸಂಪಾದಕರೇ,

ಪದವಿ ಫಲಿತಾಂಶ ಬಂದ ಬೆನ್ನಿಗೇ ರಾಜ್ಯದ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶದ ಅಧಿಸೂಚನೆಗಳು ಒಂದರ ಹಿಂದೊಂದು ಬರುತ್ತವೆ. ವಿ.ವಿ.ಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಟ್ಟ ಗ್ರೇಡ್ ಎಷ್ಟು, ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಎಂದು ನೋಡಿ ಮಕ್ಕಳು ಅರ್ಜಿ ಹಾಕುತ್ತಾರೆ. ಆ ಗ್ರೇಡು ಇಡೀ ವಿ.ವಿ.ಗೆ ಕೊಟ್ಟದ್ದು. ವಿದ್ಯಾರ್ಥಿ ಎರಡು ವರ್ಷ ಕಳೆಯುವುದು ಒಂದು ವಿಭಾಗದಲ್ಲಿ, ಒಂದು ಹಾಸ್ಟೆಲಿನಲ್ಲಿ. ಅವೆರಡು ಹೇಗಿವೆ ಎಂಬುದು ಗ್ರೇಡಿನಿಂದ ತಿಳಿಯುವುದಿಲ್ಲ.

ಮೊದಲು ನೋಡಬೇಕಾದದ್ದು ವಿಭಾಗ ಯಾವ ಊರಿನಲ್ಲಿದೆ ಎಂಬುದನ್ನು. ಕರ್ನಾಟಕ ವಿ.ವಿ. ಎಂದರೆ ಧಾರವಾಡ ಎಂದುಕೊಳ್ಳುತ್ತೇವೆ. ಆದರೆ ಅದರ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ. ಆ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ: ಅಳಿವೆ, ಮೀನುಗಾರಿಕೆ ಬಂದರು, ಕಡಲ ದಂಡೆ ಎಲ್ಲವೂ ಹತ್ತಿರ, ಸಂಗ್ರಹಿಸಿದ ಮಾದರಿ ಕೆಡುವ ಮೊದಲೇ ಪ್ರಯೋಗಾಲಯ ಸೇರುತ್ತದೆ. ಧಾರವಾಡದ ದೊಡ್ಡ ಗ್ರಂಥಾಲಯ, ಸಂಗೀತ, ಸಾಹಿತ್ಯ ಸಭೆಗಳ ಆಸೆಯಿಂದ ಅರ್ಜಿ ಹಾಕಿದವರಿಗೆ ಮಾತ್ರ ಅದು ಬೇರೆಯದೇ ಬದುಕು. ಮಂಗಳೂರು ವಿ.ವಿ.ಯ ಕಡಲ ಭೂವಿಜ್ಞಾನ ವಿಭಾಗ ಮಂಗಳೂರು ಬಳಿಯ ಕೊಣಾಜೆಯಲ್ಲಿದೆ. ಹೆಸರಿನಲ್ಲಿ ಕಡಲು ಇದೆಯೆಂದು ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕುವವರಿದ್ದಾರೆ. ಕೋಡಿಬಾಗದಲ್ಲಿ ಓದುವುದು ಜೀವಿಗಳನ್ನು. ಕೊಣಾಜೆಯಲ್ಲಿ ಕಡಲತಳದ ಮಣ್ಣು, ಕಲ್ಲು, ದಂಡೆಯ ಸವೆತವನ್ನು. ಬಿಎಸ್ಸಿಯಲ್ಲಿ ಓದಿದ ವಿಷಯಗಳು ಯಾವುದಕ್ಕೆ ಹೊಂದುತ್ತವೆ ಎಂದು ಮೊದಲೇ ನೋಡದಿದ್ದರೆ ಅರ್ಜಿ ಶುಲ್ಕ ದಂಡ.

ಬೆಂಗಳೂರಿನದೂ ಇದೇ ಗೊಂದಲ. ಬೆಂಗಳೂರು ವಿ.ವಿ. ಮೂರು ಹೋಳಾದ ಮೇಲೆ ಜ್ಞಾನಭಾರತಿಯ ಕಾಡಿನಂಥ ವಿಶಾಲ ಆವರಣ ಹಳೆಯ ವಿ.ವಿ.ಗೆ ಉಳಿಯಿತು. ನಗರ ವಿ.ವಿ. ನಗರದ ನಡುವಿನ ಸೆಂಟ್ರಲ್ ಕಾಲೇಜಿನಲ್ಲಿದೆ, ಉತ್ತರ ವಿ.ವಿ. ಕೋಲಾರದ ಟಮಕದಲ್ಲಿದೆ. ಮೂರರ ಹೆಸರಿನಲ್ಲೂ ಬೆಂಗಳೂರು ಇದೆ, ಬದುಕು ಮೂರು ಥರ. 2022ರ ನಂತರ ಹುಟ್ಟಿದ ಸಣ್ಣ ವಿ.ವಿ.ಗಳಿಗೆ ಸೇರುವವರು ಪದವಿ ಪ್ರಮಾಣಪತ್ರದಲ್ಲಿ ಯಾವ ವಿ.ವಿ.ಯ ಹೆಸರಿರುತ್ತದೆ ಎಂದು ಕೇಳಿಯೇ ಶುಲ್ಕ ಕಟ್ಟಲಿ. ಅವುಗಳಲ್ಲಿ ಹಲವನ್ನು ಮುಚ್ಚುವ, ವಿಲೀನ ಮಾಡುವ ವಿಷಯ 2025ರಲ್ಲಿ ಸಂಪುಟ ಉಪಸಮಿತಿಯವರೆಗೆ ಹೋಗಿತ್ತು.

ಕ್ಯಾಂಪಸ್ ಜೀವನ ಎಂದರೆ ಕ್ಯಾಂಟೀನು, ಮೈದಾನ, ಯುವಜನೋತ್ಸವ ಎಂದಷ್ಟೇ ತಿಳಿಯುವುದು ಸಾಲದು. ಆಯ್ದುಕೊಂಡ ವಿಷಯಕ್ಕೆ ಸುತ್ತಮುತ್ತ ಏನು ಸಿಗುತ್ತದೆ ಎನ್ನುವುದೂ ಅದರ ಭಾಗವೇ. ಮೈಸೂರು ವಿ.ವಿ.ಯ ಮಾನಸಗಂಗೋತ್ರಿ ಆವರಣದಲ್ಲಿ ಭಾಷಾವಿಜ್ಞಾನ ಓದುವವರಿಗೆ 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ನಡೆದು ಹೋಗುವ ದೂರದಲ್ಲಿದೆ. ವಾಕ್ ಶ್ರವಣ ಸಂಸ್ಥೆಯೂ ಅಲ್ಲೇ ಇದೆ. ಹಳೆಯ ಹಸ್ತಪ್ರತಿಗಳ ಕೆಲಸ ಮಾಡುವ ಆಸೆಯಿದ್ದರೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ ವಿ.ವಿ.ಯದು. ವನ್ಯಜೀವಿ ನಿರ್ವಹಣೆ ಓದುವವರಿಗೆ ಕುವೆಂಪು ವಿ.ವಿ.ಯ ಶಂಕರಘಟ್ಟ ಹೊಂದುತ್ತದೆ. ಭದ್ರಾ ಅಣೆಕಟ್ಟು, ಭದ್ರಾ ಅಭಯಾರಣ್ಯ ಎರಡೂ ಹತ್ತಿರ. ಅದೇ ಶಂಕರಘಟ್ಟದಲ್ಲಿ ವಾಣಿಜ್ಯ ಓದುತ್ತ ಸಂಜೆ ಹೊತ್ತು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಕಲಿಯಬೇಕು ಎನ್ನುವವರಿಗೆ ಶಿವಮೊಗ್ಗ ದಿನಾ ಹೋಗಿಬರುವಷ್ಟು ಹತ್ತಿರವಿಲ್ಲ. ಒಂದೇ ಕ್ಯಾಂಪಸ್ ಒಬ್ಬರಿಗೆ ವರ, ಇನ್ನೊಬ್ಬರಿಗೆ ತೊಡಕು.

ಊರು ಗೊತ್ತಾದ ಮೇಲೆ, ರಜೆಯಿಲ್ಲದ ಒಂದು ದಿನ ವಿಭಾಗಕ್ಕೆ ಹೋಗಿ ಬರಬೇಕು. ಪ್ರವೇಶದ ಗಡಿಬಿಡಿಯ ದಿನ ಬೇಡ, ತರಗತಿ ನಡೆಯುವ ದಿನ ಇರಲಿ. ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂದು ಕೇಳಿ. ಅತಿಥಿ ಉಪನ್ಯಾಸಕರು ಕಡಿಮೆ ಸಂಬಳಕ್ಕೆ ಮನಸ್ಸಿಟ್ಟು ಪಾಠ ಮಾಡುತ್ತಾರೆ, ಅವರ ಮೇಲೆ ದೂರಿಲ್ಲ. ಆದರೆ ಅವರ ನೇಮಕಾತಿ ಆದೇಶ ತಡವಾದ ವರ್ಷ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. ಪಿಎಚ್.ಡಿ.ಗೆ ಮಾರ್ಗದರ್ಶಕರಾಗಲು ವಿ.ವಿ. ಧನಸಹಾಯ ಆಯೋಗದ (ಯುಜಿಸಿ) ನಿಯಮದಂತೆ ಕಾಯಂ ಅಧ್ಯಾಪಕರೇ ಬೇಕು, ಹಾಗಾಗಿ ಮುಂದೆ ಸಂಶೋಧನೆ ಮಾಡುವವರಿಗೆ ಈ ಲೆಕ್ಕ ಇನ್ನೂ ಮುಖ್ಯ.

ಪಠ್ಯಕ್ರಮದಲ್ಲಿ ಮೂರು ಮತ್ತು ನಾಲ್ಕನೇ ಸೆಮಿಸ್ಟರನ್ನು ಮೊದಲು ಓದಿ. ಭೌತಶಾಸ್ತ್ರದಲ್ಲಿ ಘನಸ್ಥಿತಿ, ನ್ಯೂಕ್ಲಿಯರ್, ಎಲೆಕ್ಟ್ರಾನಿಕ್ಸ್ ಎಂದು ಮೂರು ವಿಶೇಷ ಪತ್ರಿಕೆಗಳನ್ನು ಅಚ್ಚು ಹಾಕಿರಬಹುದು. ಕಲಿಸುವವರು ನಿವೃತ್ತರಾಗಿದ್ದರೆ ನಡೆಯುವುದು ಒಂದೇ. ಕಳೆದ ವರ್ಷ ಯಾವುದು ನಡೆಯಿತು ಎಂದು ಅಂತಿಮ ವರ್ಷದವರನ್ನು ಕೇಳಿದರೆ ನಿಜ ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ದೊಡ್ಡ ಉಪಕರಣದ ಪಕ್ಕ ಒಂದು ಲಾಗ್ ಬುಕ್ ಇರುತ್ತದೆ. ಯಾರು, ಯಾವ ದಿನ, ಎಷ್ಟು ಹೊತ್ತು ಬಳಸಿದರು ಎಂಬುದು ಅದರಲ್ಲಿದೆ. ಕೊನೆಯ ದಾಖಲೆ ಕಳೆದ ವಾರದ್ದಾದರೆ ಉಪಕರಣ ಬದುಕಿದೆ. ಎರಡು ವರ್ಷ ಹಿಂದಿನದಾಗಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿದ್ದಿದ್ದರೆ ಅದು ಕೆಟ್ಟು, ದುರಸ್ತಿ ಒಪ್ಪಂದಕ್ಕೆ ದುಡ್ಡಿಲ್ಲದೆ ನಿಂತಿದೆ ಎಂದೇ ತಿಳಿಯಬೇಕು. ಕಲಾ ವಿಷಯದವರು ಗ್ರಂಥಾಲಯದಲ್ಲಿ ಹೊಸ ನಿಯತಕಾಲಿಕೆಗಳ ಕಪಾಟಿನ ಮುಂದೆ ನಿಂತು ಇದೇ ಪರೀಕ್ಷೆ ಮಾಡಬಹುದು.

ಪದವಿಯ ಹೆಸರನ್ನೂ ಗಮನಿಸಬೇಕು. ಕೆಲವು ವಿ.ವಿ.ಗಳು ಅನ್ವಯಿಕ ಸಸ್ಯಶಾಸ್ತ್ರ, ಅನ್ವಯಿಕ ಪ್ರಾಣಿಶಾಸ್ತ್ರ, ಕೈಗಾರಿಕಾ ರಸಾಯನಶಾಸ್ತ್ರ ಎಂಬ ಹೆಸರಿನಲ್ಲಿ ಎಂಎಸ್ಸಿ ಕೊಡುತ್ತವೆ. ಓದು ಚೆನ್ನಾಗಿಯೇ ಇರುತ್ತದೆ. ಆದರೆ ಉಪನ್ಯಾಸಕರ ನೇಮಕಾತಿಯಲ್ಲಿ ದಾಖಲೆ ಪರಿಶೀಲಿಸುವವರು ಈ ಪದವಿ ಮೂಲ ವಿಷಯದ ಪದವಿಗೆ ಸಮ ಎಂಬ ತತ್ಸಮಾನ ಪ್ರಮಾಣಪತ್ರ ಕೇಳಿದರೆ ಆಗ ಓಡಾಡಬೇಕಾಗುತ್ತದೆ. ಹಿಂದಿನ ನೇಮಕಾತಿ ಅಧಿಸೂಚನೆಯ ಅರ್ಹತೆಯ ಸಾಲನ್ನು ಈಗಲೇ ಓದಿಕೊಳ್ಳುವುದು ಕ್ಷೇಮ.

ಇನ್ನು ಹಾಸ್ಟೆಲ್. ವಿಭಾಗದಲ್ಲಿ ಸೀಟು ಸಿಕ್ಕರೆ ಹಾಸ್ಟೆಲ್ ತಾನಾಗಿ ಸಿಗುತ್ತದೆ ಎಂದು ನಂಬಿ ಟ್ರಂಕಿನ ಸಮೇತ ಬರುವ ಮಕ್ಕಳು ಪ್ರತಿವರ್ಷವೂ ಇರುತ್ತಾರೆ. ಅದು ಬೇರೆ ಅರ್ಜಿ, ಬೇರೆ ಪಟ್ಟಿ. ಹಳೆಯ ಬ್ಯಾಚಿನ ಪರೀಕ್ಷೆ ಮುಗಿದು ಕೋಣೆ ಖಾಲಿಯಾಗುವವರೆಗೆ ಹೊಸಬರಿಗೆ ಹಂಚಿಕೆ ಆಗುವುದಿಲ್ಲ, ಹಾಗಾಗಿ ಮೊದಲ ಒಂದೆರಡು ತಿಂಗಳ ಬಾಡಿಗೆ ಕೋಣೆಯ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಮೆಸ್ ಸಾಮಾನ್ಯವಾಗಿ ಡಿವೈಡಿಂಗ್ ಪದ್ಧತಿಯದು. ದಿನಸಿ, ತರಕಾರಿ, ಗ್ಯಾಸ್, ಅಡುಗೆಯವರ ಸಂಬಳ ಎಲ್ಲ ಕೂಡಿಸಿ ಉಂಡವರ ಮೇಲೆ ಹಂಚುತ್ತಾರೆ. ಜನ ಕಡಿಮೆಯಾದರೂ ಅಡುಗೆಯವರ ಸಂಬಳ ಕಡಿಮೆಯಾಗದು: ಸಂಬಳಕ್ಕೆ ತಿಂಗಳಿಗೆ 60,000 ರೂಪಾಯಿ ಹಿಡಿದರೆ 100 ಮಂದಿಗೆ ತಲಾ 600, ದಸರೆಗೆ ಅರ್ಧ ಜನ ಊರಿಗೆ ಹೋದರೆ ಉಳಿದವರಿಗೆ ತಲಾ 1,200. ಆದ್ದರಿಂದ ಒಂದು ತಿಂಗಳ ಬಿಲ್ ನೋಡಿ ತೀರ್ಮಾನಿಸಬೇಡಿ, ಹಬ್ಬದ ತಿಂಗಳೂ ಸೇರಿ ಮೂರು ತಿಂಗಳದ್ದು ಕೇಳಿ. ಹೆಣ್ಣುಮಕ್ಕಳು ಹಾಸ್ಟೆಲಿನ ಗೇಟು ಎಷ್ಟಕ್ಕೆ ಹಾಕುತ್ತಾರೆ, ಗ್ರಂಥಾಲಯ ಎಷ್ಟರವರೆಗೆ ತೆರೆದಿರುತ್ತದೆ, ಕೊನೆಯ ಬಸ್ಸು ಯಾವಾಗ ಎಂಬ ಮೂರನ್ನೂ ಒಟ್ಟಿಗೆ ವಿಚಾರಿಸಲಿ. ಗ್ರಂಥಾಲಯ ರಾತ್ರಿ ಎಂಟರವರೆಗೆ ಇದ್ದು ಗೇಟು ಏಳಕ್ಕೇ ಮುಚ್ಚಿದರೆ ಆ ಗ್ರಂಥಾಲಯ ಗಂಡುಮಕ್ಕಳಿಗೆ ಮಾತ್ರ ಎಂದಂತಾಯಿತು. ಇದನ್ನು ಸರಿಪಡಿಸಲು ಹಣ ಬೇಕಿಲ್ಲ, ಕುಲಸಚಿವರ ಒಂದು ಸುತ್ತೋಲೆ ಸಾಕು.

ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಆನ್‌ಲೈನ್ ಅರ್ಜಿ ಪ್ರತ್ಯೇಕ. ಅಲ್ಲೂ ಸಿಗದಿದ್ದರೆ ಅರ್ಹರಿಗೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ಊಟ, ವಸತಿಗೆ ನೆರವಿದೆ. ಅರ್ಜಿಗಳು ಸಿಕ್ಕಿಬೀಳುವುದು ಸಣ್ಣ ಕಾರಣಗಳಿಗೆ: ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಇನಿಷಿಯಲ್ ಬೇರೆ ಬೇರೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದದ್ದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದ್ದು. ಇವನ್ನೆಲ್ಲ ಕೊನೆಯ ಸೆಮಿಸ್ಟರಿನಲ್ಲೇ ಸರಿಮಾಡಿಕೊಳ್ಳಬಹುದು.

ಬೇರೆ ವಿ.ವಿ.ಗೆ ಹೋಗುವವರಿಗೆ ಇನ್ನೆರಡು ಮಾತು. ಹೊರಗಿನ ವಿ.ವಿ.ಯವರಿಗೆ ಮೀಸಲಾದ ಸೀಟು ಕಡಿಮೆ ಇರುವುದರಿಂದ ತಮ್ಮ ವಿ.ವಿ.ಗೂ ಒಂದು ಅರ್ಜಿ ಇರಲಿ. ವಲಸೆ ಪ್ರಮಾಣಪತ್ರಕ್ಕೆ (ಮೈಗ್ರೇಷನ್ ಸರ್ಟಿಫಿಕೇಟ್) ದಿನ ಹಿಡಿಯುತ್ತದೆ, ಬೇಗ ಅರ್ಜಿ ಕೊಡಿ. ಕಲಬುರಗಿ ಬಳಿ ಕಡಗಂಚಿಯ ಕೇಂದ್ರೀಯ ವಿ.ವಿ.ಯ ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಅದಕ್ಕೆ ಪದವಿ ಮುಗಿಯುವ ಮೊದಲೇ ಅರ್ಜಿ ಕರೆಯುತ್ತಾರೆ, ಫಲಿತಾಂಶ ಬಂದ ಮೇಲೆ ಯೋಚಿಸಿದರೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ.

ಎಲ್ಲ ಮಕ್ಕಳಿಗೂ ನಾಲ್ಕು ಊರು ತಿರುಗಿ ವಿಚಾರಿಸುವ ಶಕ್ತಿಯಿಲ್ಲ. ರಾಯಚೂರಿನ ಕೂಲಿಕಾರ್ಮಿಕರ ಮಗಳು ಕೊಣಾಜೆಗೆ ಹೋಗಿ ಲಾಗ್ ಬುಕ್ ನೋಡಿ ಬರಲಿ ಎನ್ನುವುದು ನ್ಯಾಯವಲ್ಲ. ಆದ್ದರಿಂದ ಉನ್ನತ ಶಿಕ್ಷಣ ಇಲಾಖೆಗೆ ಒಂದು ಒತ್ತಾಯ: ಪ್ರವೇಶದ ಅಧಿಸೂಚನೆಯ ಜೊತೆಗೆ ಪ್ರತಿ ವಿಭಾಗದ ಒಂದು ಪುಟದ ಮಾಹಿತಿಯನ್ನು ಕನ್ನಡದಲ್ಲಿ ಪ್ರಕಟಿಸುವುದನ್ನು ಕಡ್ಡಾಯ ಮಾಡಲಿ. ಕಾಯಂ ಅಧ್ಯಾಪಕರ ಸಂಖ್ಯೆ, ಕಳೆದ ವರ್ಷ ನಡೆದ ವಿಶೇಷ ಪತ್ರಿಕೆಗಳು, ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ದಿನಾಂಕ, ಮೊದಲ ವರ್ಷದವರಿಗೆ ಸಿಕ್ಕ ಹಾಸ್ಟೆಲ್ ಸೀಟುಗಳು, ಮೂರು ತಿಂಗಳ ಮೆಸ್ ಬಿಲ್ ಅದರಲ್ಲಿರಲಿ. ಅಧ್ಯಾಪಕರ ಸಂಖ್ಯೆಯಂಥ ವಿವರಗಳನ್ನು ವಿ.ವಿ.ಗಳು ನ್ಯಾಕ್‌ಗೆ ಸಲ್ಲಿಸುವ ವಾರ್ಷಿಕ ಗುಣಮಟ್ಟ ವರದಿಗಾಗಿ ಹೇಗೂ ಕಲೆಹಾಕುತ್ತವೆ. ಉಳಿದದ್ದು ವಾರ್ಡನ್ ಕಚೇರಿ ಮತ್ತು ಪರೀಕ್ಷಾ ವಿಭಾಗದ ಕಡತಗಳಲ್ಲಿದೆ. ಮುಂದಿನ ಅಧಿಸೂಚನೆಯ ಹೊತ್ತಿಗೇ ಇದನ್ನು ಜಾರಿ ಮಾಡಬಹುದು.

ನಿವೃತ್ತ ಸ್ನಾತಕೋತ್ತರ ಅಧ್ಯಾಪಕ, ಧಾರವಾಡ