ಬ್ಯಾಗು ಕೊಳ್ಳಲು ಬರುತ್ತಿರುವ ಅಕ್ಕನಿಗೆ

ಪ್ಯಾರಿಸ್
ಮಾರ್ಚ್ ತಿಂಗಳು

ಪ್ರೀತಿಯ ಅಕ್ಕ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಕಾಫಿ ತೋಟಕ್ಕೆ ಹೂ ಮಳೆ ಸರಿಯಾದ ಹೊತ್ತಿಗೆ ಬಂತು ಅಂತ ತಿಳಿದು ಸಮಾಧಾನವಾಯಿತು. ಕಾಫಿಗೆ ಒಳ್ಳೆ ರೇಟು ಸಿಕ್ಕಿದ್ದಕ್ಕೇ ಭಾವ ಟಿಕೆಟ್ ಬುಕ್ ಮಾಡಿದ್ದು ಅಂತ ನನಗೆ ಗೊತ್ತು, ಅವರು ಬೇರೆ ಏನೇ ಕಾರಣ ಹೇಳಲಿ. ಮೇ ಕೊನೆಗೆ ಬರುವುದು ಒಳ್ಳೆಯದೇ ಆಯಿತು. ಜೋರು ಮಳೆ ಹಿಡಿಯುವ ಮೊದಲು ವಾಪಸ್ ತೋಟ ಸೇರಬಹುದು.

ಮೆಸೇಜಿನ ಕೊನೆಗೆ ನೀನು ಮೆಲ್ಲಗೆ ಕೇಳಿದ್ದೀಯಲ್ಲ, ಇಲ್ಲಿನ ಆ ದೊಡ್ಡ ಬ್ರ್ಯಾಂಡ್ ಅಂಗಡಿಗಳಲ್ಲಿ ನಮ್ಮಂಥವರನ್ನು ಸರಿಯಾಗಿ ಮಾತಾಡಿಸುತ್ತಾರಾ ಅಂತ, ಅದಕ್ಕೇ ಈ ಪತ್ರ. ಫೋನಲ್ಲಿ ಹೇಳಲು ಹೋದರೆ ನೀನು ನಡುವೆ ನಡುವೆ ತೋಟದ ಸುದ್ದಿ ತೆಗೆಯುತ್ತೀಯ. ಇದನ್ನು ಕೂತು ಓದು, ಭಾವನಿಗೂ ಓದಿ ಹೇಳು.

ಮಗಳು ನಿನಗೆ ತೋರಿಸುವ ರೀಲ್ಸ್ ಎಲ್ಲ ಸುಳ್ಳಲ್ಲ. ಸೆಟೆದುಕೊಂಡು ನಿಲ್ಲುವ ಸೇಲ್ಸ್‌ನವರು ಇಲ್ಲೂ ಇದ್ದಾರೆ. ಆದರೆ ನಾನು ಹೋಟೆಲ್ ಡೆಸ್ಕಿನಲ್ಲಿ ಕೂತು ಮಾಡುವ ಕೆಲಸದಲ್ಲಿ ಅರ್ಧ ಇದೇ ತಾನೇ. ಅತಿಥಿಗಳಿಗೆ ಈ ಬೊಟಿಕ್‌ಗಳಲ್ಲಿ ಅಪಾಯಿಂಟ್‌ಮೆಂಟ್ ಹಿಡಿದುಕೊಡುವುದು, ಅವರು ವಾಪಸ್ ಬಂದು ಹೇಳುವ ಕಥೆ ಕೇಳುವುದು. ಮೈ ತುಂಬ ಬ್ರ್ಯಾಂಡ್ ಹಾಕಿಕೊಂಡು ಹೋದವರು ಮುಖ ಊದಿಸಿಕೊಂಡು ಬಂದದ್ದನ್ನೂ ನೋಡಿದ್ದೇನೆ. ಮಾಸಿದ ಕೋಟು ಹಾಕಿಕೊಂಡು ಹೋದವರು ನಗುತ್ತಾ ಬಂದದ್ದನ್ನೂ ನೋಡಿದ್ದೇನೆ. ನನಗೆ ಕಂಡಂತೆ, ತನಗೇನು ಬೇಕು ಅಂತ ಬಾಯಿಬಿಟ್ಟು ಹೇಳುವವರಿಗೆ ಅಲ್ಲಿ ಕೆಲಸ ಬೇಗ ಆಗುತ್ತದೆ.

ಮೊದಲನೆಯ ಮಾತು, ಬಾಗಿಲು ದಾಟಿದ ಕೂಡಲೇ 'ಬೋಂಜೂರ್' ಅನ್ನು. ಬಾಗಿಲ ಹತ್ತಿರ ಸೂಟು ಹಾಕಿಕೊಂಡು ನಿಂತವನಿಗೂ ಅನ್ನು, ಒಳಗೆ ಎದುರಾದವಳಿಗೂ ಅನ್ನು. ಈ ಊರಲ್ಲಿ ಬ್ರೆಡ್ ಅಂಗಡಿಗೆ ಹೋದರೂ ಇದೇ ಪದ್ಧತಿ. ಅದನ್ನು ಹೇಳದೆ ನೇರ ಸಾಮಾನಿನ ಕಡೆ ಹೋದರೆ ಇವರಿಗೆ ಅದು ಒರಟುತನ. ಆಮೇಲೆ ಇಂಗ್ಲಿಷಿನಲ್ಲೇ ಮಾತಾಡು, ದೊಡ್ಡ ಅಂಗಡಿಗಳಲ್ಲಿ ಎಲ್ಲರಿಗೂ ಬರುತ್ತದೆ. ನಮ್ಮವರು ಎಷ್ಟೋ ಜನ ಸಂಕೋಚದಿಂದ ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಇವರು ಅದನ್ನು ಜಂಬ ಅಂತ ತಿಳಿಯುತ್ತಾರೆ. ತಮಾಷೆ ನೋಡು.

ಬಾಗಿಲಲ್ಲಿ ಕ್ಯೂ ಇದ್ದರೆ ಅವಮಾನ ಅಂದುಕೊಳ್ಳಬೇಡ. ಒಬ್ಬ ಗಿರಾಕಿಗೆ ಒಬ್ಬ ಸೇಲ್ಸ್‌ನವರು ಅನ್ನುವುದು ಅಲ್ಲಿನ ಲೆಕ್ಕ. ಒಳಗಿನವರು ಬಿಡುವಾಗುವ ತನಕ ಹೊರಗೆ ನಿಲ್ಲಿಸುತ್ತಾರೆ. ಶನಿವಾರ ಮಧ್ಯಾಹ್ನವಂತೂ ಈ ಅಂಗಡಿಗಳಿರುವ ಶಾಂಜ್ ಎಲಿಜೆ ರಸ್ತೆಯಲ್ಲಿ ಜಾತ್ರೆ. ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗೋಣ. ಆಗ ಅವರಿಗೂ ಪುರುಸೊತ್ತು, ನಮಗೂ.

ನೀನು ಬ್ಯಾಗು ಅಂದೆ, ಯಾವ ಬ್ಯಾಗು ಅಂತ ಹೇಳಲಿಲ್ಲ. ಮಗಳ ತಲೆಯಲ್ಲಿ ಏರ್ಮೆಸ್ ಕಂಪನಿಯ ಬರ್ಕಿನ್ ಬ್ಯಾಗು ಇದ್ದರೆ ಈಗಲೇ ಹೇಳಿಬಿಡುತ್ತೇನೆ, ಅದು ದುಡ್ಡಿದ್ದ ಮಾತ್ರಕ್ಕೆ ಸಿಗುವ ವಸ್ತುವಲ್ಲ. ಪ್ಯಾರಿಸ್ಸಿನ ಅವರ ಅಂಗಡಿಗಳಲ್ಲಿ ಚರ್ಮದ ಬ್ಯಾಗು ನೋಡಬೇಕಾದರೆ ಹಿಂದಿನ ದಿನ ಆನ್‌ಲೈನಲ್ಲಿ ಹೆಸರು ಕೊಡಬೇಕು. ಅಪಾಯಿಂಟ್‌ಮೆಂಟ್ ಸಿಕ್ಕರೆ ಅದೃಷ್ಟ. ಸಿಕ್ಕರೂ ಬ್ಯಾಗು ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಬರ್ಕಿನ್ ಕೊಡಬೇಕಾದರೆ ಬೇರೆ ಸಾಮಾನನ್ನೂ ಕೊಳ್ಳುವ ಹಾಗೆ ಮಾಡುತ್ತಾರೆ ಅಂತ 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ಕೇಸನ್ನೇ ಹಾಕಿದ್ದರು. ಕೋರ್ಟು ಅದನ್ನು ವಜಾ ಮಾಡಿತು. 1984ರಲ್ಲಿ ನಟಿ, ಗಾಯಕಿ ಜೇನ್ ಬರ್ಕಿನ್‌ಗೆ ಅಂತ ಮಾಡಿದ ಮೊದಲ ಬ್ಯಾಗು ಹೋದ ವರ್ಷ, 2025ರ ಜುಲೈನಲ್ಲಿ ಇಲ್ಲೇ ಹರಾಜಾಯಿತು. 86 ಲಕ್ಷ ಯೂರೋ! ಅದೂ ಉಪಯೋಗಿಸಿ ಗೀರು ಬಿದ್ದ ಬ್ಯಾಗು. ಇಂಥ ಹುಚ್ಚಿನ ಬಾಲ ಹಿಡಿದು ನಿನ್ನ ರಜೆಯನ್ನು ಕ್ಯೂನಲ್ಲಿ ಕಳೆಯುವುದು ನನಗೆ ಸುತಾರಾಂ ಇಷ್ಟವಿಲ್ಲ. ನಿನ್ನ ಭುಜಕ್ಕೆ ಹೊಂದುವ, ದಿನಾ ಹಿಡಿಯಬಹುದಾದ ಬ್ಯಾಗು ಬೇರೆ ಹತ್ತು ಕಡೆ ಇವೆ.

ಬಜೆಟ್ಟನ್ನು ಮೊದಲೇ ಹೇಳಿಬಿಡು. ನಮಗೆ ಅದೊಂದು ನಾಚಿಕೆ. ಜಾಸ್ತಿ ಹೇಳಿದರೆ ಜಾಸ್ತಿ ಕೀಳುತ್ತಾರೆ, ಕಡಿಮೆ ಹೇಳಿದರೆ ಕೀಳಾಗಿ ನೋಡುತ್ತಾರೆ ಅನ್ನುವ ಅಳುಕು. ಇಲ್ಲಿ ಎಲ್ಲರಿಗೂ ಒಂದೇ ರೇಟು, ಮುಖ ನೋಡಿ ಏರಿಸುವುದಿಲ್ಲ. "ಇಷ್ಟರೊಳಗೆ, ಈ ಬಣ್ಣದ್ದು, ಜಿಪ್ ಇರುವುದು ಬೇಕು" ಅಂದರೆ ಅವಳು ಒಳಗಿಂದ ನಾಲ್ಕು ತಂದು ಮುಂದಿಡುತ್ತಾಳೆ. "ಸುಮ್ನೆ ನೋಡ್ತಿದ್ದೀನಿ" ಅಂದರೆ ಅವಳೂ ಸುಮ್ಮನೆ ನಿಲ್ಲುತ್ತಾಳೆ. ಭಾವನಿಗೆ ಮಾತ್ರ ಒಂದು ಮಾತು ಹೇಳಿಡು. ವಿರಾಜಪೇಟೆಯಲ್ಲಿ ಚಿನ್ನದ ಜೋಮಾಲೆ ಸರ ಮಾಡಿಸುವಾಗ ಕೂಲಿ ಇಳಿಸಿದ ಹಾಗೆ ಇಲ್ಲಿ ಚೌಕಾಸಿ ನಡೆಯುವುದಿಲ್ಲ. "ಲಾಸ್ಟ್ ಪ್ರೈಸ್ ಎಷ್ಟು" ಅಂತ ಅವರು ಬಾಯಿ ತೆಗೆದರೆ ನಾನು ಕನ್ನಡಿಯ ಹಿಂದೆ ಅಡಗಿಕೊಳ್ಳುತ್ತೇನೆ. ಜೂನ್ ಕೊನೆಗೆ ಇಲ್ಲಿ ಸರಕಾರ ಗೊತ್ತುಮಾಡಿದ ಸೇಲ್ ಶುರುವಾಗುತ್ತದೆ, ನಿಜ. ಆದರೆ ಏರ್ಮೆಸ್, ಲೂಯಿ ವಿಟಾನ್ ಬ್ಯಾಗುಗಳು ಅದರಲ್ಲಿ ಬರುವುದಿಲ್ಲ. ಸೇಲ್ ತಪ್ಪಿತಲ್ಲ ಅಂತ ಕೊರಗಬೇಡ.

ಹೋದ ವರ್ಷ ನಮ್ಮ ಹೋಟೆಲಿನಲ್ಲಿ ಉಳಿದಿದ್ದ ಒಬ್ಬರು ವಯಸ್ಸಾದ ಹೆಂಗಸಿನ ಜೊತೆಗೆ ನಾನೂ ಒಂದು ಅಂಗಡಿಗೆ ಹೋಗಿದ್ದೆ. ಸೇಲ್ಸ್ ಹುಡುಗಿ ಬಟ್ಟೆಯ ಚೀಲ ಬಿಚ್ಚಿ, ಬ್ಯಾಗಿನೊಳಗೆ ತುರುಕಿದ್ದ ಕಾಗದ ತೆಗೆದು, ಮೆತ್ತನೆಯ ಟ್ರೇ ಮೇಲೆ ಇಟ್ಟಳು. ಈ ಅಜ್ಜಿ ಏನು ಮಾಡಿದರು ಗೊತ್ತಾ? ತಮ್ಮ ಹಳೇ ಬ್ಯಾಗನ್ನು ಅದೇ ಟ್ರೇ ಮೇಲೆ ಖಾಲಿ ಮಾಡಿದರು. ಕನ್ನಡಕದ ಡಬ್ಬಿ, ಮಾತ್ರೆಯ ಶೀಟು, ಮಡಚುವ ಕೊಡೆ, ಕೆಮ್ಮಿನ ಪೆಪ್ಪರ್‌ಮೆಂಟು, ಒಂದು ಉದ್ದನೆಯ ಪರ್ಸು. ನನಗೇ ಒಂಥರಾ ಆಯಿತು. ಆ ಹುಡುಗಿ ಒಂದೊಂದನ್ನೇ ಎತ್ತಿ ಹೊಸ ಬ್ಯಾಗಿಗೆ ಹಾಕಿ ನೋಡಿದಳು. ಕೊಡೆ ಹಿಡಿಸಲಿಲ್ಲ. ಯಾರೂ ಕೇಳದೆಯೇ ಒಳಗೆ ಹೋಗಿ, ಅದೇ ಬ್ಯಾಗಿನ ಒಂದು ಸೈಜು ದೊಡ್ಡದನ್ನು ತಂದಳು. ಕೊಡೆ ಕೂತಿತು, ಜಿಪ್ ಬಿತ್ತು. ಭುಜಕ್ಕೆ ಹಾಕಿಸಿ, ಪಟ್ಟಿಯನ್ನು ಒಂದು ತೂತು ಮೇಲೆ ಕಟ್ಟಿ, ನಾಲ್ಕು ಹೆಜ್ಜೆ ನಡೆದು ನೋಡಿ ಅಂದಳು. ಆಮೇಲಿಂದ ನಮ್ಮ ಅತಿಥಿಗಳಿಗೆಲ್ಲ ಅದನ್ನೇ ಹೇಳುತ್ತೇನೆ, ನಿಮ್ಮ ಸಾಮಾನು ತಗೊಂಡು ಹೋಗಿ ಅಂತ. ನೀನೂ ನಿನ್ನ ಬಿ.ಪಿ. ಮಾತ್ರೆ, ಕನ್ನಡಕ, ಎರಡು ಫೋನು ಎಲ್ಲ ತುಂಬಿಕೊಂಡೇ ಬಾ.

ಮಾತಾಡಿಸಲು ಸಿಕ್ಕವಳು ಒಳ್ಳೆಯವಳಾದರೆ ಅವಳ ಹೆಸರು ಕೇಳಿ ಕಾರ್ಡು ತಗೊಂಡಿಡು. ಮೊದಲ ದಿನ ನೋಡಿ, ಯೋಚನೆ ಮಾಡಿ, ಮಾರನೇ ದಿನ ಕೊಳ್ಳುವುದಾದರೆ ಅವಳನ್ನೇ ಕೇಳು. ಎಷ್ಟೋ ಕಡೆ ಅವರಿಗೆ ಮಾರಿದ್ದರ ಮೇಲೆ ಕಮಿಷನ್ ಇರುತ್ತದೆ. ಒಂದು ಗಂಟೆ ತೋರಿಸಿದವಳು ಒಬ್ಬಳು, ಬಿಲ್ಲು ಹಾಕುವವಳು ಇನ್ನೊಬ್ಬಳು ಆದರೆ ಅದು ನ್ಯಾಯವಲ್ಲ ಅಲ್ವಾ? ಮುಂದೆ ರಿಪೇರಿಗೋ ಬೆಲ್ಟು ಬದಲಿಸಲಿಕ್ಕೋ ನಾನು ಹೋದರೂ ಆ ಹೆಸರು ಕೆಲಸಕ್ಕೆ ಬರುತ್ತದೆ.

ನೀರು, ಕಾಫಿ, ಕೆಲವು ಕಡೆ ಶಾಂಪೇನ್ ಕೂಡ ಕೊಡುತ್ತಾರೆ. ಕುಡಿದ ಮೇಲೆ ಕೊಳ್ಳದೆ ಏಳುವುದು ಹೇಗೆ ಅಂತ ನಿನಗೆ ಅನಿಸುತ್ತದೆ, ನನಗೆ ಗೊತ್ತು. ಆರಾಮಾಗಿ ಏಳು. ಇದೇ ಊರಿನ ಬೋನ್ ಮಾರ್ಷೆ ಅನ್ನುವ ದೊಡ್ಡ ಅಂಗಡಿಯನ್ನು 1852ರಿಂದ ಬೂಸಿಕೋ ಅನ್ನುವವನು ಬೆಳೆಸಿದ. ರೇಟು ಬರೆದಿಡುವುದು, ಕೊಳ್ಳದವರೂ ಒಳಗೆ ಬಂದು ತಿರುಗಾಡಬಹುದು ಅನ್ನುವುದು ಅವನು ಜನರಿಗೆ ರೂಢಿ ಮಾಡಿಸಿದ ಪದ್ಧತಿಗಳು. ಅಂಗಡಿ ಈಗಲೂ ಇದೆ, ನಿನ್ನನ್ನು ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ. "ಮೆರ್ಸಿ, ಯೋಚನೆ ಮಾಡಿ ಬರುತ್ತೇನೆ" ಅಂದರೆ ಮುಗಿಯಿತು. ಕಾಫಿ ಬಗ್ಗೆ ಮಾತ್ರ ಏನೂ ನಿರೀಕ್ಷೆ ಇಟ್ಟುಕೊಳ್ಳಬೇಡ. ನಮ್ಮ ತೋಟದ್ದು ಕುಡಿದವರಿಗೆ ಅದು ಹಿಡಿಸುವುದು ಕಷ್ಟ.

ಯಾರಾದರೂ ಸರಿಯಾಗಿ ಮಾತಾಡಿಸದಿದ್ದರೆ? ನನಗೇ ಒಂದು ಕಡೆ ಆಗಿದೆ. ಒಂದು ವಾಲೆಟ್ ತೋರಿಸಿ ಅಂತ ಎರಡು ಸಲ ಕೇಳಿದೆ, ಇಬ್ಬರು ತಮ್ಮತಮ್ಮಲ್ಲೇ ಹರಟುತ್ತಾ ನಿಂತರು. ನಾನು ಗಲಾಟೆ ಮಾಡಲಿಲ್ಲ. ಹೊರಗೆ ಬಂದು ಅದೇ ಬ್ರ್ಯಾಂಡಿನ ಇನ್ನೊಂದು ಅಂಗಡಿಗೆ ಹೋದೆ. ಅದೇ ವಾಲೆಟ್, ಅದೇ ರೇಟು, ಮೇಲೆ ರಿಬ್ಬನ್ ಕಟ್ಟಿ ಕೊಟ್ಟರು. ಈ ಊರಲ್ಲಿ ಒಂದೊಂದು ಬ್ರ್ಯಾಂಡಿಗೂ ಎಷ್ಟೋ ಅಂಗಡಿಗಳಿವೆ. ಗಾಲೆರಿ ಲಾಫಾಯೆತ್ ಅನ್ನುವ ದೊಡ್ಡ ಅಂಗಡಿಯಲ್ಲಂತೂ ಎಷ್ಟೋ ಬ್ರ್ಯಾಂಡು ಒಂದೇ ಸೂರಿನಡಿ ಸಿಗುತ್ತವೆ. ಮುಖ ಗಂಟು ಹಾಕಿದವರ ಕೈಗೆ ನಮ್ಮ ಕಾಫಿ ದುಡ್ಡು ಯಾಕೆ ಕೊಡಬೇಕು?

ಬಟ್ಟೆಯ ವಿಷಯ ಕೇಳಿದ್ದೀಯ. ನಿನಗೆ ಇಷ್ಟವಿದ್ದರೆ ಕೊಡವ ಸೀರೆಯನ್ನೇ ಉಡು. ನೆರಿಗೆ ಯಾಕೆ ಹಿಂದೆ ಅಂತ ಅವರೇ ಕೇಳಿ ಮಾತಿಗೆ ಕೂರುತ್ತಾರೆ. ನಾನು ಇಲ್ಲಿನ ಒಂದು ಮದುವೆಗೆ ಉಟ್ಟು ಹೋದಾಗ ಅದೇ ಆಯಿತು. ಚಪ್ಪಲಿ ಮಾತ್ರ ನಡೆಯಲು ಆಗುವಂಥದ್ದು ಹಾಕು.

ಇನ್ನು ದುಡ್ಡಿನ ವಿಷಯ. ಇದನ್ನು ಭಾವ ಸರಿಯಾಗಿ ಕೇಳಿಸಿಕೊಳ್ಳಬೇಕು. ಹೊರಡುವ ಮೊದಲು ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಇಂಟರ್‌ನ್ಯಾಷನಲ್ ಯೂಸೇಜ್ ಆನ್ ಮಾಡಿ, ಲಿಮಿಟ್ಟನ್ನೂ ಏರಿಸಿಕೊಳ್ಳಲಿ. ಕೌಂಟರಿನಲ್ಲಿ ಕಾರ್ಡು ನಡೆಯದೆ ನಿಂತರೆ ಎಷ್ಟು ಒಳ್ಳೆ ಸರ್ವೀಸ್ ಇದ್ದೂ ಮನಸ್ಸು ಹುಳಿಯಾಗುತ್ತದೆ. ಮೆಷಿನ್ನು "ರೂಪಾಯಿಯಲ್ಲಾ, ಯೂರೋದಲ್ಲಾ" ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ರೇಟಿನಲ್ಲಿ ಲೆಕ್ಕ ಹಾಕುತ್ತಾರೆ, ಸಾಮಾನ್ಯವಾಗಿ ಅದು ನಮಗೆ ನಷ್ಟ.

ಪಾಸ್‌ಪೋರ್ಟು ಜೊತೆಯಲ್ಲೇ ಇರಲಿ. ಇಲ್ಲಿನ ಬೆಲೆಯಲ್ಲಿ 20% ತೆರಿಗೆ ಸೇರಿರುತ್ತದೆ. ನಿಮ್ಮ ಹಾಗೆ ಹೊರಗಿನಿಂದ ಬಂದವರು ಒಂದೇ ಅಂಗಡಿಯಲ್ಲಿ 100 ಯೂರೋಗಿಂತ ಜಾಸ್ತಿ ಕೊಂಡರೆ ಅದರಲ್ಲಿ ಒಂದು ಭಾಗ ವಾಪಸ್ ಸಿಗುತ್ತದೆ. ತೆರಿಗೆ ವಾಪಸ್ ಕೊಡಿಸುವ ನಡುವಿನ ಕಂಪನಿಯ ಖರ್ಚು ಕಳೆದು ಕೈಗೆ ಬರುವುದು ಸುಮಾರು 12% ಅಂತ ಇಟ್ಟುಕೊ. ದುಡ್ಡು ಕೊಡುವಾಗಲೇ "ದೆತಾಕ್ಸ್" ಅಂದು ಪಾಸ್‌ಪೋರ್ಟು ಕೊಡಬೇಕು, ಅವರು ಒಂದು ಫಾರಂ ಕೊಡುತ್ತಾರೆ. ನನ್ನ ಹೆಸರಲ್ಲಿ ಇದು ಆಗುವುದಿಲ್ಲ, ನಾನು ಇಲ್ಲೇ ಇರುವವಳು. ಏರ್‌ಪೋರ್ಟಿನಲ್ಲಿ ಪಾಬ್ಲೊ ಅನ್ನುವ ಮೆಷಿನ್ನಿಗೆ ಆ ಫಾರಂ ತೋರಿಸಬೇಕು. ಸೂಟ್‌ಕೇಸು ಚೆಕ್-ಇನ್ ಮಾಡುವ ಮೊದಲೇ ಈ ಕೆಲಸ ಆಗಬೇಕು, ಯಾಕೆಂದರೆ ಕಸ್ಟಮ್ಸ್‌ನವರು ಸಾಮಾನು ತೋರಿಸಿ ಅನ್ನಬಹುದು. ನಾನೇ ಬಂದು ಮಾಡಿಸುತ್ತೇನೆ, ಗಾಬರಿ ಬೇಡ. ಬೆಂಗಳೂರಿನಲ್ಲಿ ಇಳಿದ ಮೇಲೆ ಸುಂಕ ಕಟ್ಟಬೇಕಾಗಿ ಬಂದರೆ ಬಿಲ್ಲು ತೋರಿಸಿ ಕಟ್ಟಿಬಿಡಿ. ಬಿಲ್ಲು ಬಚ್ಚಿಡುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ.

ಇನ್ನೊಂದು. ಅಂಗಡಿಯಲ್ಲೇ ಕೊಂಡದ್ದನ್ನು ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಹಕ್ಕು ಇಲ್ಲಿನ ಕಾನೂನಲ್ಲಿ ಇಲ್ಲ. 14 ದಿನದೊಳಗೆ ವಾಪಸ್ ಕೊಡಬಹುದು ಅನ್ನುವ ಮಾತು ಆನ್‌ಲೈನ್ ಖರೀದಿಗೆ. ಕೆಲವು ಅಂಗಡಿಯವರು ತಾವಾಗಿ ಬದಲಿಸಿಕೊಡುತ್ತಾರೆ, ಬಿಲ್ಲು ಮಾಡುವ ಮೊದಲು ಕೇಳಿಕೊಳ್ಳಬೇಕು. ಪ್ಯಾಕ್ ಮಾಡುವ ಮುಂಚೆ ಬ್ಯಾಗನ್ನು ಕಿಟಕಿ ಬೆಳಕಿಗೆ ತಗೊಂಡು ಹೋಗಿ ಹೊಲಿಗೆ, ಜಿಪ್, ಬೀಗ ನೋಡು. ಶೋಕೇಸಿನದ್ದು ಬೇಡ, ಒಳಗಿಂದ ಹೊಸದು ಕೊಡಿ ಅಂತ ಕೇಳುವುದಕ್ಕೂ ಹಿಂಜರಿಯಬೇಡ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಭಾವನ ವಾಚಿಗೆ ಕಾರ್ಟಿಯೆ ನೋಡೋಣ ಅಂತಿದ್ದೇನೆ. ಕಾರ್ಟಿಯೆಯವರ ಹಳೇ ಅಂಗಡಿ ರ‍್ಯೂ ದ ಲ ಪೇ ರಸ್ತೆಯಲ್ಲಿದೆ. ಉದ್ದ ಚೌಕದ ಮುಖದ ಟ್ಯಾಂಕ್ ಅಂತ ಒಂದು ವಾಚು, 1917ರ ಡಿಸೈನು, ಭಾವನ ಕೈಗೆ ಒಪ್ಪುತ್ತದೆ. ಆದರೆ ತೋಟದಲ್ಲಿ ಕಟ್ಟಿಕೊಂಡು ತಿರುಗಲು ಬೇಕಾದರೆ ಚರ್ಮದ ಪಟ್ಟಿ ಬೇಡ, ನಮ್ಮ ಮಳೆಯಲ್ಲಿ ಬೂಸ್ಟು ಹಿಡಿಯುತ್ತದೆ. ಸ್ಟೀಲಿನ ಪಟ್ಟಿ ಇರಲಿ. ಕೈಯ ಅಳತೆಗೆ ಕೊಂಡಿ ತೆಗೆದು ಅಲ್ಲೇ ಸರಿಮಾಡಿ ಕೊಡಿ ಅಂತ ಕೇಳೋಣ. ಅಪಾಯಿಂಟ್‌ಮೆಂಟ್ ಹಿಡಿಯಬೇಕು, ಹಾಗಾಗಿ ಯಾವ ದಿನ ಇಳಿಯುತ್ತೀರಿ ಅಂತ ಬೇಗ ತಿಳಿಸು. ಇಳಿದ ದಿನವೇ ಅಂಗಡಿ ಬೇಡ.

ಅವ್ವನಿಗೆ ಹೇಳು, ಪಂದಿ (ಹಂದಿ ಮಾಂಸದ) ಉಪ್ಪಿನಕಾಯಿ ಕಟ್ಟಬೇಡ ಅಂತ. ಮಾಂಸ, ತುಪ್ಪ, ಹಾಲಿನ ಸಾಮಾನು ಇಲ್ಲಿಗೆ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ. ಅಡುಗೆಯ ಹುಳಿಗೆ ಕಾಚಂಪುಳಿ ಒಂದು ಬಾಟಲಿ, ಮನೆಯ ಕಾಫಿ ಪುಡಿ ಎರಡು ಕೆ.ಜಿ. ಸಾಕು. ಬಾಟಲಿಯನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡು, ಎರಡು ಪ್ಲಾಸ್ಟಿಕ್ ಸುತ್ತಿ.

ನಿನ್ನ ತಂಗಿ