ನೇಪಾಳ ಭೂಕಂಪಕ್ಕೆ ಹತ್ತು ವರ್ಷ: ತಲುಪಿಸಬೇಕಾದ ಒಂದಿಷ್ಟು ಥ್ಯಾಂಕ್ಸ್

2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾ ಜಿಲ್ಲೆಯಲ್ಲಿ 7.8 ತೀವ್ರತೆಯ ಭೂಕಂಪ ಆಯಿತು. ಸುಮಾರು 9,000 ಜನ ತೀರಿಕೊಂಡರು. ಪರಿಹಾರ ಕೆಲಸದವರಿಗೆ ರೇಡಿಯೊ, ಇಂಟರ್ನೆಟ್ ಒದಗಿಸುವ ತಂಡದಲ್ಲಿ ನಾನೂ ಇದ್ದೆ. ಅದಾಗಿ ಹತ್ತು ವರ್ಷ ದಾಟಿದೆ. ಆವತ್ತಿನಿಂದ ಸಿಕ್ಕವರೆಲ್ಲ ನನಗೆ ಶಹಬ್ಬಾಸ್ ಹೇಳುತ್ತಾ ಬಂದಿದ್ದಾರೆ. ಅದರಲ್ಲಿ ಮುಕ್ಕಾಲು ಪಾಲು ಬೇರೆಯವರಿಗೆ ಸೇರಬೇಕಾದದ್ದು.

ನಮ್ಮ ಕೆಲಸ ಏನು ಅಂತ ಸುಮಾರು ಜನರಿಗೆ ಗೊತ್ತಿರುವುದಿಲ್ಲ. ದೊಡ್ಡ ವಿಪತ್ತು ಆದಾಗ ವಿಶ್ವಸಂಸ್ಥೆಯವರು ಕೆಲಸ ಹಂಚಿಕೊಳ್ಳುತ್ತಾರೆ. ತುರ್ತು ದೂರಸಂಪರ್ಕದ ಹೊಣೆ ವಿಶ್ವ ಆಹಾರ ಕಾರ್ಯಕ್ರಮದ್ದು. ಲಕ್ಸಂಬರ್ಗ್ ಸರ್ಕಾರದ ಎಮರ್ಜೆನ್ಸಿ.ಲು ಅನ್ನುವ ಸೇವೆ ಉಪಗ್ರಹ ಸಂಪರ್ಕ ಕೊಡುತ್ತದೆ. ಎರಿಕ್ಸನ್ ಕಂಪನಿಯ ‘ಎರಿಕ್ಸನ್ ರೆಸ್ಪಾನ್ಸ್’ ತಂಡದ ಸ್ವಯಂಸೇವಕರು ವೈಫೈ ಹಾಕುತ್ತಾರೆ. ನಾವು ಯಾರ ಕೈಗೂ ಅಕ್ಕಿ, ಟಾರ್ಪಾಲು ಕೊಡುವುದಿಲ್ಲ. ಕೊಡುವವರು ಒಬ್ಬರಿಗೊಬ್ಬರು ಮಾತಾಡುವ ಹಾಗೆ ಮಾಡುತ್ತೇವೆ, ಅಷ್ಟೇ. ಆ ಮಾತು ನಿಂತರೆ ಒಂದೇ ಊರಿಗೆ ಮೂರು ಲಾರಿ ಹೋಗುತ್ತವೆ, ಪಕ್ಕದ ಊರಿನವರು ದಾರಿ ಕಾಯುತ್ತಾ ಕೂರುತ್ತಾರೆ.

ಮೊದಲ ಥ್ಯಾಂಕ್ಸ್ ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸಿದವರಿಗೆ. ಅಲ್ಲಿ ಪರಿಹಾರ ಸಾಮಗ್ರಿಗೆಂದೇ ಒಂದು ಅಂಗಳ ಸಿದ್ಧವಾಗಿತ್ತು. ಅದು ಶುರುವಾಗಿದ್ದು ಭೂಕಂಪಕ್ಕೆ ಒಂದು ತಿಂಗಳು ಮುಂಚೆ, ಮಾರ್ಚ್‌ನಲ್ಲಿ! ಇಡೀ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ. ಅದೂ ಬಿರುಕು ಬಿಟ್ಟು, ಮೇ ಮೊದಲ ವಾರದಲ್ಲಿ ಭಾರಿ ವಿಮಾನಗಳು ಇಳಿಯುವುದನ್ನು ನಿಲ್ಲಿಸಿದರು. ಆ ಗದ್ದಲದಲ್ಲೂ ನಮ್ಮ ಪೆಟ್ಟಿಗೆಗಳನ್ನು ಹುಡುಕಿ ತೆಗೆದುಕೊಟ್ಟ ಫೋರ್ಕ್‌ಲಿಫ್ಟ್ ಡ್ರೈವರ್‌ಗಳೇ, ನಿಮ್ಮ ಹೆಸರು ಕೇಳಲೂ ನಮಗೆ ಪುರುಸೊತ್ತು ಇರಲಿಲ್ಲ.

ರೇಡಿಯೊ ಫ್ರೀಕ್ವೆನ್ಸಿ (ತರಂಗಾಂತರ) ಬಳಸಲು ಅನುಮತಿಯ ಕಾಗದ ಮಾಡಿಕೊಟ್ಟ ಗುಮಾಸ್ತರಿಗೂ ಥ್ಯಾಂಕ್ಸ್. ಹೊರಗಿನಿಂದ ಬಂದವರು ಸುಮ್ನೆ ರೇಡಿಯೊ ಆನ್ ಮಾಡುವ ಹಾಗಿಲ್ಲ. ಇಂಥ ಹೊತ್ತಿನಲ್ಲಿ ಉಪಕರಣ ಬೇಗ ಒಳಗೆ ಬರಲಿ ಅಂತಲೇ 1998ರಲ್ಲಿ ಟಾಂಪೆರೆ ಒಪ್ಪಂದ ಆಗಿದೆ, ನಿಜ. ಆದರೆ ಯಾವ ಒಪ್ಪಂದ ಇದ್ದರೂ ಕೊನೆಗೆ ಯಾರೋ ಒಬ್ಬರು ಕುರ್ಚಿಯಲ್ಲಿ ಕೂತು ಸೀಲು ಒತ್ತಬೇಕು. ಈ ಗುಮಾಸ್ತರು ರಾತ್ರಿ ಮನೆಯವರ ಜೊತೆ ಬಯಲಿನ ಟೆಂಟಿನಲ್ಲಿ ಮಲಗಿ, ಬೆಳಿಗ್ಗೆ ಆಫೀಸಿಗೆ ಬರುತ್ತಿದ್ದರು.

ಇನ್ನು ಚೌತಾರಾ. ಸಿಂಧುಪಾಲ್ಚೋಕ್ ಜಿಲ್ಲೆಯ ಕೇಂದ್ರ. ಅತಿ ಹೆಚ್ಚು ಜನ ಸತ್ತ ಜಿಲ್ಲೆ ಅದು. ಅಲ್ಲಿ ನಮಗೆ ಕಾಡಿದ್ದು ಉಪಗ್ರಹ ಅಲ್ಲ, ಕರೆಂಟು. ನನ್ನನ್ನು ಕೇಳಿದರೆ ತುರ್ತು ದೂರಸಂಪರ್ಕ ಅಂದರೆ ಅರ್ಧಕ್ಕಿಂತ ಜಾಸ್ತಿ ಡೀಸೆಲ್ ಮತ್ತು ಬ್ಯಾಟರಿ. ಇದನ್ನು ನಮಗೆ ಕಲಿಸಿದವರು ಅಲ್ಲಿನ ಎಲೆಕ್ಟ್ರಿಷಿಯನ್ ದಾಯ್ (ನೇಪಾಳಿಯಲ್ಲಿ ಅಣ್ಣ). ಆಗ ನೇಪಾಳದಲ್ಲಿ ದಿನಾ ಗಂಟೆಗಟ್ಟಲೆ ಲೋಡ್‌ಶೆಡ್ಡಿಂಗ್. ಇನ್ವರ್ಟರ್ ರಿಪೇರಿ ಮಾಡಿ ಮಾಡಿ ಅವರ ಕೈ ಪಳಗಿತ್ತು. ಯಾವ ಬ್ಯಾಟರಿ ಇನ್ನೆಷ್ಟು ಹೊತ್ತು ಬರುತ್ತದೆ ಅಂತ ನಮ್ಮ ಮೀಟರಿಗಿಂತ ಮೊದಲು ಅವರು ಹೇಳುತ್ತಿದ್ದರು.

ನಾವು ಬಳಸುತ್ತಿದ್ದ ವಿಎಚ್‌ಎಫ್ ಅನ್ನುವ ಬಗೆಯ ರೇಡಿಯೊ ಸಿಗ್ನಲ್ ಗುಡ್ಡ ದಾಟುವುದಿಲ್ಲ. ಗುಡ್ಡದ ಮೇಲೆ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಯಂತ್ರ) ಇಡಬೇಕು, ಅದಕ್ಕೆ ಬ್ಯಾಟರಿ ಹೊರಬೇಕು. ಹೊತ್ತವರು ಹಳ್ಳಿಯ ಹಮಾಲರು. ಹಣೆಗೆ ನಾಮ್ಲೊ ಪಟ್ಟಿ ಕಟ್ಟಿಕೊಂಡು, ಸೀಸದ ಬ್ಯಾಟರಿಗಳನ್ನು ಬೆನ್ನ ಮೇಲೆ ಇಟ್ಟುಕೊಂಡು ಹತ್ತುತ್ತಿದ್ದರೆ ಬರಿಗೈಯಲ್ಲಿದ್ದ ನಾವು ಹಿಂದೆ ಉಳಿಯುತ್ತಿದ್ದೆವು. ಅವರಲ್ಲಿ ಸುಮಾರು ಜನರ ಮನೆ ಬಿದ್ದುಹೋಗಿತ್ತು.

ಮೇ 12ರ ಮಧ್ಯಾಹ್ನ ಮತ್ತೆ ನೆಲ ನಡುಗಿತು. 7.3 ತೀವ್ರತೆ. ಮೊದಲ ಸಲ ಹೇಗೋ ನಿಂತಿದ್ದ ಕಟ್ಟಡಗಳು ಚೌತಾರಾದಲ್ಲಿ ಈಗ ಬಿದ್ದವು. ಗುಡ್ಡಗಳಿಂದ ಕಲ್ಲು ಉರುಳುತ್ತಿತ್ತು. ಮೊಬೈಲ್‌ನಲ್ಲಿ ಯಾರಿಗೂ ಲೈನ್ ಸಿಗುತ್ತಿಲ್ಲ. ನಮ್ಮ ಗಾಡಿಗಳೆಲ್ಲ ರಸ್ತೆಯಲ್ಲಿದ್ದವು. ಆಗ ರೇಡಿಯೊದಲ್ಲಿ ನಮ್ಮ ಚೌತಾರಾದ ಆಪರೇಟರ್ ದಿದಿಯ (ನೇಪಾಳಿಯಲ್ಲಿ ಅಕ್ಕ) ದನಿ ಕೇಳಿತು. ಮಾಮೂಲಿ ದನಿ. ಒಂದೊಂದೇ ಗಾಡಿಯ ಕಾಲ್‌ಸೈನ್ (ರೇಡಿಯೊದಲ್ಲಿ ಕರೆಯುವ ಗುರುತಿನ ಹೆಸರು) ಕರೆಯುತ್ತಾ ಹೋದರು. ಎಲ್ಲಿದ್ದೀರಿ, ಎಷ್ಟು ಜನ, ಯಾರಿಗಾದರೂ ಪೆಟ್ಟಾಗಿದೆಯಾ? ಉತ್ತರ ಬಂದರೆ ಬರೆದುಕೊಂಡು ಮುಂದಿನದು. ಬರದಿದ್ದರೆ ಮತ್ತೆ ಅದನ್ನೇ. ಅವರ ಮಗ ಯಾವ ಕಡೆ ಓಡಿದ್ದಾನೆ ಅಂತ ಅವರಿಗೇ ಆಗ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಕೊನೆಯ ಗಾಡಿ ಉತ್ತರ ಕೊಟ್ಟ ಮೇಲೇ ಅವರು ಮೈಕ್ ಬೇರೆಯವರ ಕೈಗೆ ಕೊಟ್ಟು ಹುಡುಕಲು ಹೋದರು. ಮಗ ಶಾಲೆ ಮೈದಾನದಲ್ಲಿ ಸಿಕ್ಕ, ಏನೂ ಆಗಿರಲಿಲ್ಲ. ದಿದಿ, ಆವತ್ತು ನಿಮ್ಮ ಹತ್ತಿರ ಇದನ್ನು ಹೇಳಲು ನನಗೆ ನೇಪಾಳಿ ಸಾಲಲಿಲ್ಲ. ಈಗಲೂ ಸಾಲದು. ಯಾರಾದರೂ ಇದನ್ನು ಓದಿ ಹೇಳಿದರೆ ತುಂಬಾ ಉಪಕಾರ.

ಮನೆಯವರಿಗೆ ಬೇರೆ ಥ್ಯಾಂಕ್ಸ್ ಬೇಡ ಅಂತ ಅಮ್ಮ ಹೇಳಿದ್ದಾರೆ. ಆದರೂ ಇರಲಿ ಅಮ್ಮ.

ಕೊನೆಯದು ಬೆಂಗಳೂರಿನಲ್ಲಿ ನನಗೆ ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೊ) ಕಲಿಸಿದ ಮೇಷ್ಟ್ರಿಗೆ. 2001ರ ಭುಜ್ ಭೂಕಂಪದಲ್ಲಿ ಫೋನ್ ಸತ್ತಾಗ ಹ್ಯಾಮ್‌ಗಳು ಸಂದೇಶ ಮುಟ್ಟಿಸಿದ ಕಥೆಯನ್ನು ಅವರು ಕ್ಲಾಸಿನಲ್ಲಿ ಹೇಳುತ್ತಿದ್ದರು. ಮೈಕ್ ಒತ್ತುವ ಮೊದಲು ಹೇಳಬೇಕಾದ್ದನ್ನು ಬರೆದುಕೊಳ್ಳಿ ಅಂತ ಗದರುತ್ತಿದ್ದರು. ಚೌತಾರಾದ ದಿದಿಯ ಮುಂದೆ ಇದ್ದ ಪಟ್ಟಿ ನೋಡಿದ್ದರೆ ನೀವು ಖುಷಿಪಡುತ್ತಿದ್ದಿರಿ, ಸರ್. ಮುಂದಿನ ತಿಂಗಳು ಊರಿಗೆ ಬರುತ್ತೇನೆ. ಈ ಸಲ ಕಾಫಿ ಬಿಲ್ ನಾನು ಕೊಡುತ್ತೇನೆ, ಜಗಳ ಮಾಡಬೇಡಿ.